ಹೊಳೆಗೆ ಹೆದರದ ಹೋಲ್ಸ್ಟರ್

ಪಿಸ್ತೂಲನ್ನು ಹೊಳೆಗೆ ಬೀಳಿಸಿಕೊಂಡವಳಿಗೇ ಅದನ್ನು ಸೊಂಟಕ್ಕೆ ಕಟ್ಟುವ ಹೋಲ್ಸ್ಟರ್ ಆರಿಸುವ ಕೆಲಸ ಒಪ್ಪಿಸಿದರೆ ಯಾರಿಗಾದರೂ ನಗು ಬರಬೇಕಾದ್ದೇ. ಫಾರೆಸ್ಟ್ ಕ್ಯಾಂಪಿನ ಗಾರ್ಡುಗಳೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಹೊಳೆಯಕ್ಕ ನಗಲಿಲ್ಲ. ಅವಳಿಗೆ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತ್ತು, ಮೈಮೇಲೆ ಯೂನಿಫಾರ್ಮ್ ಇದ್ದುದರಿಂದ ಸುಮ್ಮನೆ ಸೆಲ್ಯೂಟ್ ಹೊಡೆದಳು.

ಹೊಳೆಯಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹೋದ ವರ್ಷ ಗುಡ್ಡದ ಬೀಟಿಗೆ, ಅಂದರೆ ತನ್ನ ಪಾಲಿನ ಕಾಡಿನ ಗಸ್ತಿಗೆ, ಹೋಗುವಾಗ ನಡು ಹೊಳೆಯಲ್ಲಿ ಅವಳ ಪಿಸ್ತೂಲು ಜಾರಿ ನೀರಿಗೆ ಬಿತ್ತು. ಕ್ಯಾಂಪಿಗೆ ಕ್ಯಾಂಪೇ ನೀರಿಗಿಳಿದು ಹುಡುಕಿತು. ಕೊನೆಗೆ ಕೆಳಗಿನ ತಿರುವಿನಲ್ಲಿ, ಒಂದು ಬಂಡೆಯ ಸಂದಿಯಲ್ಲಿ, ಮರಳು ತುಂಬಿಕೊಂಡು ಸಿಕ್ಕಿತು. ಸಿಕ್ಕಿದ್ದು ಪಿಸ್ತೂಲು, ಹೋದದ್ದು ಮಾನ. ಆಗಿದ್ದ ಸಾಹೇಬರು ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಇವಳನ್ನು ಗೇಟಿಗೆ ಹಾಕಿದರು. ಅಂದಿನಿಂದ ಅವಳ ಕೆಲಸ ಒಂದೇ. ಗಾಡಿ ಬಂದು ಹಾರನ್ ಹೊಡೆದರೆ ಅಡ್ಡಗಂಬ ಎತ್ತುವುದು, ಗಾಡಿ ಹೋದ ಮೇಲೆ ಇಳಿಸುವುದು. ಈಗೀಗ ಮನೆಯಲ್ಲಿ ಉಣ್ಣುತ್ತಾ ಕೂತಾಗ ಬೀದಿಯಲ್ಲಿ ಯಾರಾದರೂ ಹಾರನ್ ಹೊಡೆದರೂ ಅವಳ ಸೊಂಟ ತಾನಾಗಿಯೇ ಎದ್ದುಬಿಡುತ್ತಿತ್ತು. ಎದ್ದ ಮೇಲೆ ನಾಚಿಕೆಯಾಗಿ ನೀರು ತರುವ ನೆಪ ಮಾಡಿಕೊಳ್ಳುತ್ತಿದ್ದಳು. ಗುಡ್ಡದ ಬೀಟು ಅವಳಿಗೆ ಪ್ರಾಣ. ಅಲ್ಲಿಯ ಪ್ರತಿ ಮರದ ಗುರುತು ಅವಳಿಗಿತ್ತು. ಆ ಗುಡ್ಡ ಈಗ ಗೇಟಿನಿಂದ ದಿನವಿಡೀ ಕಾಣುತ್ತಿತ್ತು, ಅದೇ ದೊಡ್ಡ ಸಂಕಟ.

ಹಾಗಿರುವಾಗ ಆ ಸಾಹೇಬರ ಜಾಗಕ್ಕೆ ಹೊಸ ಮೇಡಂ ಬಂದರು. ಬಂದ ವಾರವೇ ಎಲ್ಲರ ಸೊಂಟ ನೋಡಿ ಹುಬ್ಬು ಗಂಟು ಹಾಕಿದರು. ಒಬ್ಬೊಬ್ಬರದು ಒಂದೊಂದು ಬಗೆಯ ಹೋಲ್ಸ್ಟರ್. ಒಂದರ ಹೊಲಿಗೆ ಬಿಟ್ಟಿತ್ತು, ಒಂದಕ್ಕೆ ದಾರ ಕಟ್ಟಿತ್ತು, ಇನ್ನೊಂದರ ತಳದಿಂದ ನಳಿಗೆ ಇಣುಕುತ್ತಿತ್ತು.

"ಎಲ್ಲರಿಗೂ ಒಂದೇ ಥರದ್ದು ತರಿಸೋಣ. ಗುಡ್ಡ ಹತ್ತೋಕೆ, ಇಳಿಯೋಕೆ, ಬಿಸಿಲಿಗೆ, ಕೆಸರಿಗೆ ತಡ್ಕೊಳ್ಳೋ ಅಂಥದ್ದು. ಯಾರು ಆರಿಸ್ತೀರಿ?" ಎಂದರು. ಮೇಡಂ ಗೇಟಿನ ಕಡೆ ನೋಡಿದರು. "ಕಳ್ಕೊಂಡವರು ಅವರು. ಹೋಲ್ಸ್ಟರ್ ಅಂದ್ರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ಅವರೇ ಆರಿಸಲಿ. ಮುಂದಿನ ಸೋಮವಾರ ಎಲ್ಲರ ಮುಂದೆ ಪರೀಕ್ಷೆ. ಪಾಸಾದ್ರೆ ಪಿಸ್ತೂಲೂ ವಾಪಸ್, ಬೀಟೂ ವಾಪಸ್."

"ಆಗದಿದ್ರೆ ಮೇಡಂ?" ಹಿಂದಿನಿಂದ ಗಡಿಬಿಡಿಯ ದನಿ ಬಂತು. ಗಡಿಬಿಡಿ ಎಂದರೆ ಕ್ಯಾಂಪಿನ ಚುರುಕು ಗಾರ್ಡು. ಊಟ, ಓಟ, ಮಾತು ಎಲ್ಲದರಲ್ಲೂ ಇತರರಿಗಿಂತ ಮೊದಲು ಮುಗಿಸಿ ಕೂರುವವನು.

"ಆಗದಿದ್ರೆ ಗೇಟು ಹೇಗೂ ಇದೆಯಲ್ಲ," ಎಂದರು ಮೇಡಂ, ನಗದೆ.

ಆ ಸಂಜೆ ಹೊಳೆಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇರ ಪೇಟೆಗೆ ಹೋದಳು. ಬೇಟೆಗಾರರಿಗೂ ಕಾವಲುಗಾರರಿಗೂ ಸಾಮಾನು ಮಾರುವ ಆ ಅಂಗಡಿ ಕಿರಿದು, ಉದ್ದ, ತುಂಬಾ ಬೂಟಿನ ವಾಸನೆ. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಕಟ್ಟೆಯ ಮೇಲೆ ಮೂರು ಹೋಲ್ಸ್ಟರ್ ಸಾಲಾಗಿ ಇಟ್ಟ.

ಮೊದಲನೆಯದು ಕಪ್ಪು ಚರ್ಮದ್ದು. ಮುಖ ಕಾಣುವಷ್ಟು ಹೊಳಪು, ಮುಟ್ಟಿದರೆ ಕೈಗೇ ಗೌರವ ಬರುವಂಥದ್ದು. ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕಿನ ಅಚ್ಚು. ಪಿಸ್ತೂಲು ಒಳಗಿಟ್ಟರೆ ಟಕ್ ಎಂದು ಲಾಕಾಗುತ್ತದೆ, ಪಕ್ಕದ ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಸರ್ರನೆ ಹೊರಗೆ ಬರುತ್ತದೆ. ಮೂರನೆಯದನ್ನು ಇಡುವಾಗ ಅಂಗಡಿಯವನಿಗೇ ಸಂಕೋಚವಾಯಿತು. ಒಳಗೆ ಗಡುಸು ತಗಡಿನಂಥ ಪ್ಲಾಸ್ಟಿಕ್ಕು, ಹೊರಗೆ ದಪ್ಪ ಕ್ಯಾನ್ವಾಸು, ಮೇಲೆ ಪಿಸ್ತೂಲಿನ ಹಿಡಿಯನ್ನೂ ಸೇರಿಸಿ ಮುಚ್ಚುವ ದೊಡ್ಡ ಮುಚ್ಚಳ, ಅದಕ್ಕೊಂದು ಪಟ್ಟಿ, ಬಕಲ್. ತಳದಲ್ಲಿ ನೀರು ಇಳಿಯಲು ತೂತು. ಬಣ್ಣ ಮಣ್ಣಿಗೂ ಸಗಣಿಗೂ ನಡುವಿನದು.

"ಇದನ್ನ ಯಾರೂ ಕೇಳಲ್ಲಮ್ಮ. ತೋರಿಸ್ಬೇಕು ಅಂತ ತೋರಿಸ್ದೆ," ಎಂದ.

ಹೊಳೆಯಕ್ಕ ಕೇಳಿದ ಪ್ರಶ್ನೆಗಳಿಗೆ ಅವನ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಟ್ರಿಗರ್ ಪೂರ್ತಿ ಮುಚ್ಚುತ್ತದೆಯೋ, ಮುಳ್ಳುಕಡ್ಡಿ ಒಳಗೆ ತೂರಿ ಸಿಕ್ಕಿಹಾಕಿಕೊಳ್ಳುವಷ್ಟು ಸಂದಿ ಉಳಿಯುತ್ತದೆಯೋ? ಬೆಲ್ಟಿನ ಕೊಕ್ಕೆ ಅಗಲವೋ ಕಿರಿದೋ? ಕಿರಿದಾದರೆ ಓಡುವಾಗ ಗಂಟೆಯ ನಾಲಿಗೆಯ ಹಾಗೆ ಅಲ್ಲಾಡುತ್ತದಲ್ಲ. ಕೇಳುತ್ತಲೇ ಒಂದೊಂದನ್ನೂ ಸೊಂಟಕ್ಕೆ ಕಟ್ಟಿಕೊಂಡು ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕೂತಳು, ಎದ್ದಳು, ಮಂಡಿಯೂರಿದಳು, ಬಾಗಿಲವರೆಗೂ ಓಡಿ ಬಂದಳು. ಬೂಟು ನೋಡಲು ಬಂದಿದ್ದ ಗಂಡ ಹೆಂಡತಿ ಬೂಟು ಮರೆತು ಇವಳನ್ನೇ ನೋಡುತ್ತಾ ನಿಂತರು.

"ಮೂರನ್ನೂ ಸೋಮವಾರದವರೆಗೆ ಕೊಡಿ. ಮನೇಲಿ ನೋಡ್ತೀನಿ," ಎಂದಳು.

ಅಂಗಡಿಯವನು ತಲೆ ಕೆರೆದುಕೊಂಡು ಒಪ್ಪಿದ. ತೂಕದಲ್ಲೂ ಆಕಾರದಲ್ಲೂ ಅಸಲಿಯಂತೆಯೇ ಇದ್ದ ನೀಲಿ ರಬ್ಬರಿನ ಡಮ್ಮಿ ಪಿಸ್ತೂಲೊಂದನ್ನೂ ಜೊತೆಗೆ ಕೊಟ್ಟ. "ಇದನ್ನ ಮಾತ್ರ ಕಳೀಬೇಡಿ. ಇರೋದೇ ಇದೊಂದು," ಎಂದ. ಅವಳ ಕಥೆ ಪೇಟೆಯವರೆಗೂ ಬಂದಿತ್ತೆಂದು ಹೊಳೆಯಕ್ಕನಿಗೆ ಗೊತ್ತಾಯಿತು. ಎಲ್ಲವನ್ನೂ ಎತ್ತಿಕೊಂಡು ಬಂದಳು.

ಮನೆಯಲ್ಲಿ ಅವಳೂ ಅತ್ತೆಯೂ ಇಬ್ಬರೇ. ಗಂಡ ಲಾರಿ ಮೇಲೆ ಊರೂರು ತಿರುಗುವವನು. ಅತ್ತೆಯದು ಚೂಪು ನಾಲಿಗೆ, ಆದರೆ ಸೊಸೆಯನ್ನು ಗೇಟಿಗೆ ಹಾಕಿದ ಸಾಹೇಬರಿಗೆ ಮನೆಯೊಳಗೇ ಕೂತು ದಿನವೂ ಬೈದವರೂ ಅವರೇ.

"ಇದೇನೇ, ಮೂರು ಸಂಚಿ? ಒಂದ್ರಲ್ಲಿ ನನ್ನ ಕನ್ನಡಕ ಇಟ್ಕೋತೀನಿ ಕೊಡು," ಎಂದರು ಅತ್ತೆ.

"ಸೋಮವಾರ ಕಳೀಲಿ ಅತ್ತೆ, ನೋಡೋಣ."

ಮರುದಿನದಿಂದ ಮನೆಯಲ್ಲಿ ಶುರುವಾಯಿತು ನೋಡಿ. ಹೊಳೆಯಕ್ಕ ಸೊಂಟಕ್ಕೆ ಡಮ್ಮಿ ಕಟ್ಟಿಕೊಂಡೇ ಕಸ ಗುಡಿಸಿದಳು, ಬಟ್ಟೆ ಒಗೆದಳು, ಏಣಿ ಹತ್ತಿ ಮಹಡಿಯ ನೀರಿನ ಟ್ಯಾಂಕು ತೊಳೆದಳು. ಹೋಲ್ಸ್ಟರುಗಳನ್ನು ಗೋಡೆಗೆ ಉಜ್ಜಿದಳು, ಕೆಸರಿನ ಬಕೆಟ್ಟಿಗೆ ಮುಳುಗಿಸಿದಳು, ಮಹಡಿಯ ಬಿಸಿಲಲ್ಲಿ ಒಣಗಿಸಿದಳು, ಮತ್ತೆ ಮುಳುಗಿಸಿದಳು. ಚರ್ಮದ್ದು ಎರಡನೇ ಮುಳುಗಿಗೇ ಬಣ್ಣ ಬಯಲು ಮಾಡಿತು. ನೀರು ಕುಡಿದು ಊದಿಕೊಂಡು ಡಮ್ಮಿಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿತೆಂದರೆ, ಅತ್ತೆ ಒಂದು ಕಡೆ, ಸೊಸೆ ಇನ್ನೊಂದು ಕಡೆ ಹಿಡಿದೆಳೆದರೂ ಜಪ್ಪಯ್ಯ ಎಂದರೂ ಬಿಡಲಿಲ್ಲ.

"ಕಳ್ಳ ಎದುರಿಗೆ ಬಂದ್ರೆ, ಸ್ವಲ್ಪ ತಾಳಪ್ಪ, ಒಣಗಲಿ ಅಂತ ಹೇಳು," ಎಂದು ಅತ್ತೆ ಅಲ್ಲೇ ಕೂತು ನಕ್ಕರು.

ಪ್ಲಾಸ್ಟಿಕ್ಕಿನದು ಮಾತ್ರ ಎಲ್ಲದಕ್ಕೂ ಸೈ ಎನ್ನಿಸಿಕೊಂಡಿತು. ಕೊಡವಿದರೆ ಕೆಸರು ಹೋಯಿತು, ನೀರು ನಿಲ್ಲಲಿಲ್ಲ, ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿದರೂ ಲಾಕು ಬಿಡಲಿಲ್ಲ. ಪಿಸ್ತೂಲು ತೆಗೆಯುವುದಂತೂ ಕಣ್ಣು ಮಿಟುಕಿಸುವುದರೊಳಗೆ. ಹೊಳೆಯಕ್ಕ ಕನ್ನಡಿಯ ಮುಂದೆ ನಿಂತು ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ತನ್ನನ್ನು ತಾನೇ ನೋಡಿ ಖುಷಿಯಾಗಿ ಎದೆ ಉಬ್ಬಿತು. ಇದೇ, ಇನ್ನು ಯೋಚನೆ ಬೇಡ ಎಂದುಕೊಂಡಳು. ಮೂರನೆಯದನ್ನು ಒಂದು ಸಲ ನೀರಿಗೆ ಅದ್ದಿ ತಂತಿಗೆ ನೇತುಹಾಕಿದವಳು ಅದನ್ನು ಮರೆತೇಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಅತ್ತೆ ಹಿತ್ತಲ ನಲ್ಲಿಯಿಂದ ಎರಡು ಬಕೆಟ್ ನೀರು ಹಿಡಿದು ಬರುತ್ತಿದ್ದರು. ಹೊಳೆಯಕ್ಕ ಒಳಗಿನಿಂದಲೇ ಕೂಗಿದಳು, "ಅತ್ತೆ, ಕಟ್ಟೆ ಮೇಲಿನ ಆ ಬೆಲ್ಟು ಹಾಗೇ ತನ್ನಿ." ಅತ್ತೆಗೆ ಎರಡೂ ಕೈ ತುಂಬಿತ್ತು. ಬಕೆಟ್ ಕೆಳಗಿಟ್ಟು, ಡಮ್ಮಿ ಸಮೇತ ಬೆಲ್ಟನ್ನು ಕೊರಳಿಗೆ ಹಾಕಿಕೊಂಡು, ಸೆರಗಿನ ಮೇಲೆ ಅದು ಜಾರದಂತೆ ಗದ್ದದಿಂದ ಒತ್ತಿ ಹಿಡಿದು, ಬಕೆಟ್ ಎತ್ತಿಕೊಂಡು ಬಂದರು. ಅಡುಗೆಮನೆಯ ಹೊಸ್ತಿಲಲ್ಲಿ ಬಕೆಟ್ ಇಳಿಸಲು ಬಗ್ಗಿದರು. ಅವರ ಗದ್ದ ಸರಿಯಾಗಿ ಲಾಕಿನ ಗುಂಡಿಯ ಮೇಲಿತ್ತು.

ಬುಳುಕ್.

ನೀಲಿ ಪಿಸ್ತೂಲು ಬಕೆಟ್ಟಿನ ತಳ ಸೇರಿತು. ಅತ್ತೆ, "ಅಯ್ಯೋ, ನಿನ್ನ ಸಂಚಿ ಬಾಯಿ ಬಿಡ್ತಲ್ಲೇ," ಎಂದರು. ಹೊಳೆಯಕ್ಕ ಬಕೆಟ್ಟಿನ ಬಳಿಗೆ ಓಡಿ ಬಂದಳು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಒಂದು ವರ್ಷದಿಂದ ಕನಸಿನಲ್ಲೂ ಅದೇ ಕೇಳಿಸುತ್ತಿತ್ತು.

ಗುಡ್ಡದ ಬೀಟಿನವರು ಹೊಳೆ ದಾಟುವ ರೀತಿಯೇ ಅದು. ನೀರು ಸೊಂಟ ಮುಟ್ಟುತ್ತದೆ, ಒಮ್ಮೊಮ್ಮೆ ಎದೆಗೂ ಬರುತ್ತದೆ. ಪಿಸ್ತೂಲು ನೆನೆಯಬಾರದೆಂದು ಎಲ್ಲರೂ ದಡದಲ್ಲೇ ಬೆಲ್ಟು ಬಿಚ್ಚಿ ಕೊರಳಿಗೆ ಹಾಕಿಕೊಂಡು ಇಳಿಯುತ್ತಾರೆ. ಬೆಲ್ಟು ಸೊಂಟ ಬಿಡಕೂಡದು ಎಂಬುದು ನಿಯಮ. ಆ ನಿಯಮ ಬರೆದವರು ಯಾರೋ, ಅವರ ಕಾಲು ಆ ನೀರಿಗೆ ಬಿದ್ದಿರಲಿಲ್ಲ. ಹೋದ ವರ್ಷ ಬೂಟು ಕಲ್ಲಿನ ಸಂದಿಗೆ ಸಿಕ್ಕಿ, ಅದನ್ನು ಬಿಡಿಸಲು ಬಗ್ಗಿದಾಗ, ಕೊರಳಲ್ಲಿದ್ದ ಹೋಲ್ಸ್ಟರಿನಿಂದ ಹೀಗೇ ಜಾರಿತ್ತು. ಇಷ್ಟು ದಿನ ಸೊಂಟದಲ್ಲಿ ಕಟ್ಟಿಕೊಂಡು ಕುಣಿದದ್ದಷ್ಟೇ, ಕೊರಳಿಗೆ ಹಾಕಿ ನೋಡಬೇಕೆಂದು ತನಗೇ ಹೊಳೆಯಲಿಲ್ಲವಲ್ಲ. ಅವಳು ನಾಲಿಗೆ ಕಚ್ಚಿಕೊಂಡಳು. ಮರುಕ್ಷಣ ನಗುವೂ ಬಂತು, ಮೈಯೆಲ್ಲ ಜುಮ್ಮೆಂದಿತು. ನಾಳೆ ಬೀಳಬೇಕಾದದ್ದು ಇವತ್ತು ಬಕೆಟ್ಟಿಗೆ ಬಿದ್ದಿತ್ತು.

"ಅತ್ತೆ, ನಿಮ್ಮ ಕೊರಳು ಸ್ವಲ್ಪ ಹೊತ್ತು ಕೊಡಿ," ಎಂದಳು.

ತಂತಿಯ ಮೇಲಿದ್ದ ಕುರೂಪಿ ಕೆಳಗಿಳಿಯಿತು. ಡಮ್ಮಿಯನ್ನು ಒಳಗಿಟ್ಟು, ಮುಚ್ಚಳ ಮುಚ್ಚಿ, ಪಟ್ಟಿ ಬಿಗಿದು ಅತ್ತೆಯ ಕೊರಳಿಗೆ ಹಾಕಿದಳು. ಅತ್ತೆ ಬಗ್ಗಿದರು, ಎದ್ದರು, ಗದ್ದದಿಂದ ಒತ್ತಿದರು, ಎರಡೂ ಕೈಯಲ್ಲಿ ಹಿಡಿದು ಒಗೆದ ಬಟ್ಟೆಯ ಹಾಗೆ ಕೊಡವಿದರು. ಡಮ್ಮಿ ಅಲ್ಲಾಡಲಿಲ್ಲ. ಅತ್ತೆಗೂ ಹುಚ್ಚು ಹಿಡಿಯಿತು. ಹೊಳೆಯಕ್ಕ ಬೇಡ ಬೇಡ ಎಂದರೂ ಮಂಚದ ಮೇಲೆ ಬೋರಲು ಮಲಗಿ, ತಲೆಯನ್ನು ಕೆಳಕ್ಕೆ ಇಳಿಬಿಟ್ಟು, "ಈಗ ಬಿತ್ತಾ? ಈಗ?" ಎಂದು ಕೇಳುತ್ತಲೇ ಇದ್ದರು.

ಒಂದೇ ಕೊರತೆ. ಪಟ್ಟಿ ಬಿಚ್ಚಿ, ಮುಚ್ಚಳ ಎತ್ತಿ, ಆಮೇಲೆ ತೆಗೆಯಬೇಕು. ಅಷ್ಟರಲ್ಲಿ ಕಳ್ಳ ಮನೆಗೆ ಹೋಗಿ ಮಲಗಿರುತ್ತಾನೆ. ಅದಕ್ಕೇ ಇಡೀ ಮಧ್ಯಾಹ್ನ ಅತ್ತೆ ಲಟ್ಟಣಿಗೆ ಹಿಡಿದು ಕಳ್ಳನಾದರು. ಬಾಗಿಲ ಮರೆಯಿಂದ ಒಮ್ಮೆ, ಬೀರುವಿನ ಪಕ್ಕದಿಂದ ಒಮ್ಮೆ ಮೇಲೆ ಬಿದ್ದರು. ಮೊದಮೊದಲು ಲಟ್ಟಣಿಗೆಯ ಪೆಟ್ಟು ಬಿದ್ದ ಮೇಲೇ ಪಿಸ್ತೂಲು ಹೊರಗೆ ಬರುತ್ತಿತ್ತು. ಹೊತ್ತು ಇಳಿಯುವಷ್ಟರಲ್ಲಿ ಹೊಳೆಯಕ್ಕನ ಹೆಬ್ಬೆರಳು ಬಕಲ್ಲಿನ ಜಾಡು ಹಿಡಿದಿತ್ತು. ಹೆಬ್ಬೆರಳಲ್ಲಿ ಪಟ್ಟಿ ಎಬ್ಬಿಸಿ, ಅದೇ ಎಳೆತಕ್ಕೆ ಮುಚ್ಚಳ ಹಾರಿಸಿ, ಹಿಡಿ ಹಿಡಿಯುವುದು. ಮೂರೂ ಸೇರಿ ಒಂದೇ ಕೆಲಸವಾಯಿತು.

"ಸಾಕು ಬಿಡು, ಕಳ್ಳನಿಗೆ ಸುಸ್ತಾಯ್ತು," ಎಂದು ಅತ್ತೆ ನೆಲದ ಮೇಲೆ ಕೂತರು.

ಸೋಮವಾರ ಕ್ಯಾಂಪಿಗೆ ಕ್ಯಾಂಪೇ ಹೊಳೆಯ ದಂಡೆಯ ಇಳಿಜಾರಿನಲ್ಲಿ ಸೇರಿತ್ತು. ಮೇಡಂ ಮೂವರನ್ನು ನಿಲ್ಲಿಸಿದರು. ಚರ್ಮದ್ದು ದೊಡ್ಡಣ್ಣನಿಗೆ, ಅವನು ಹಳೆಯ ಗಾರ್ಡು, ದೊಡ್ಡ ಮೈ, ದೊಡ್ಡ ಮೀಸೆ. ಪ್ಲಾಸ್ಟಿಕ್ಕಿನದು ಗಡಿಬಿಡಿಗೆ. ಹೊಳೆಯಕ್ಕನ ಸೊಂಟದಲ್ಲಿ ಕುರೂಪಿ. ಗುಂಡು ತೆಗೆದ ಅಸಲಿ ಪಿಸ್ತೂಲುಗಳನ್ನು ಹಂಚುವಾಗ ಮೇಡಂ ಬೀರುವಿನಿಂದ ತಂದದ್ದನ್ನೇ ಹೊಳೆಯಕ್ಕನ ಕೈಗೆ ಕೊಟ್ಟರು. ನಳಿಗೆಯ ಬುಡದಲ್ಲಿ ತುಕ್ಕಿನ ಸಣ್ಣ ಕಲೆ. ವರ್ಷದ ನಂತರ ಸಿಕ್ಕ ಗೆಳತಿಯನ್ನು ಮುಟ್ಟಿದ ಹಾಗೆ ಒಮ್ಮೆ ಸವರಿ ಒಳಗಿಟ್ಟಳು.

"ಅಕ್ಕ, ಅದೇನು ಹೋಲ್ಸ್ಟರೋ, ಊಟದ ಡಬ್ಬಿ ಚೀಲವೋ?" ಎಂದ ಗಡಿಬಿಡಿ. ಎಲ್ಲರೂ ನಕ್ಕರು.

"ಹಸಿವಾದ್ರೆ ಹೇಳು, ತೆಗೆದು ಕೊಡ್ತೀನಿ," ಎಂದಳು ಹೊಳೆಯಕ್ಕ.

ಮೇಡಂ ಸೀಟಿ ಊದಿದರು. ಮೂವರೂ ದಿಬ್ಬ ಹತ್ತಿ ಓಡಿದರು, ಕುಂಡೆಯ ಮೇಲೆ ಕೂತು ಜಾರಿದರು, ಮುಳ್ಳುಪೊದೆಯ ಕೆಳಗೆ ತೆವಳಿದರು, ಕೆಸರಲ್ಲಿ ಉರುಳಿದರು. ನೋಡುತ್ತಿದ್ದವರು ಕೇಕೆ ಹಾಕಿದರು, ಚಪ್ಪಾಳೆ ತಟ್ಟಿದರು. ಕೆಸರಿನಿಂದ ಎದ್ದು ಪಿಸ್ತೂಲು ತೆಗೆಯಿರಿ ಎಂದಾಗ ಗಡಿಬಿಡಿ ಕಣ್ಣಿಗೆ ಕಾಣದಷ್ಟು ಬೇಗ ತೆಗೆದು ಗುರಿ ಹಿಡಿದಿದ್ದ. ಅವನ ಹಿಂದೆಯೇ, ಒಂದು ಉಸಿರಿನ ಅಂತರದಲ್ಲಿ, ಹೊಳೆಯಕ್ಕ. ದೊಡ್ಡಣ್ಣ ಇನ್ನೂ ತನ್ನ ಸೊಂಟದ ಜೊತೆ ಕುಸ್ತಿ ಮಾಡುತ್ತಿದ್ದ.

ಮೇಡಂ ಪ್ಲಾಸ್ಟಿಕ್ಕಿನದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಮೆಚ್ಚುಗೆ ಕಾಣುತ್ತಿತ್ತು. "ಚೆನ್ನಾಗಿದೆ. ವೇಗನೂ ಇದೆ. ನೀವ್ಯಾಕೆ ಇದನ್ನ ಬಿಟ್ಟು ಅದನ್ನ ಆರಿಸಿದ್ರಿ?"

"ಮೇಡಂ, ನಾವಿನ್ನೂ ಹೊಳೆ ದಾಟಿಲ್ಲ," ಎಂದಳು ಹೊಳೆಯಕ್ಕ.

"ಹೊಳೇಲಿ ಏನಿದೆ? ಸೊಂಟದಲ್ಲಿರತ್ತೆ, ದಾಟ್ತೀರಿ."

ದೊಡ್ಡಣ್ಣನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಗಡಿಬಿಡಿ ಬೂಟಿನ ದಾರ ನೋಡತೊಡಗಿದ. ಉಳಿದವರು ಯಾವುದೋ ಹಕ್ಕಿ ಹುಡುಕುವವರಂತೆ ಮೇಲೆ ನೋಡಿದರು. ಹೊಳೆಯಕ್ಕ ಲೆಕ್ಕ ಹಾಕಿದಳು. ಹೇಳಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಹೇಳದಿದ್ದರೆ ಎಲ್ಲರ ಕೊರಳಿಗೂ ಗುಂಡಿಯ ಹೋಲ್ಸ್ಟರ್ ಬರುತ್ತದೆ, ಮುಂದೆ ಇನ್ನೊಬ್ಬರು ಗೇಟಿಗೆ ಹೋಗುತ್ತಾರೆ.

"ಸೊಂಟದಲ್ಲಿರಲ್ಲ ಮೇಡಂ. ಕೊರಳಲ್ಲಿರತ್ತೆ. ನೀರು ಇಲ್ಲಿವರೆಗೂ ಬರತ್ತೆ," ಎಂದು ಎದೆ ಮುಟ್ಟಿ ತೋರಿಸಿದಳು. "ನೆನೀಬಾರದು ಅಂತ ಬೆಲ್ಟ್ ಬಿಚ್ಚಿ ಕೊರಳಿಗೆ ಹಾಕ್ಕೋತೀವಿ. ಎಲ್ಲರೂ. ತಪ್ಪು ಅಂತ ಗೊತ್ತು. ಆದ್ರೆ ನಾವು ದಾಟೋದು ಹಾಗೇ, ನಾಳೆನೂ ಹಾಗೇ ದಾಟ್ತೀವಿ."

ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಸರಿ. ದಾಟಿ ತೋರಿಸಿ," ಎಂದರು.

ಹೊಳೆಯಕ್ಕ ಗಡಿಬಿಡಿಯ ಹೋಲ್ಸ್ಟರಿನಿಂದ ಅಸಲಿಯನ್ನು ತೆಗೆಸಿ, ಅದರಲ್ಲಿ ಅಂಗಡಿಯವನ ನೀಲಿ ಡಮ್ಮಿಯನ್ನು ಇಡಿಸಿದಳು.

"ಅಕ್ಕ, ಹಾಗಾದ್ರೆ ನಿಮ್ಮದು?" ಎಂದ ಅವನು, ಮೆಲ್ಲಗೆ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

"ನನ್ನದು ಅಸಲೀನೇ ಇರ್ಲಿ."

ಇಬ್ಬರೂ ಬೆಲ್ಟು ಕೊರಳಿಗೆ ಹಾಕಿಕೊಂಡು ಇಳಿದರು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ತಣ್ಣನೆಯ ನೀರಿಗೆ ಹೊಳೆಯಕ್ಕನ ಹಲ್ಲು ಕಟಕಟಿಸಿತು. ಹೋದ ವರ್ಷದ ಜಾಗ ಅವಳ ಕಾಲಿಗೇ ನೆನಪಿತ್ತು. ಅಲ್ಲಿ ನಿಂತಳು. "ಇಲ್ಲಿ ಬೂಟು ಸಿಕ್ಕಿತ್ತು. ಹೀಗೆ ಬಗ್ಗಿದೆ. ನೀನೂ ಬಗ್ಗು," ಎಂದಳು.

ಗಡಿಬಿಡಿ ಎಲ್ಲದರಲ್ಲೂ ಮೊದಲಲ್ಲವೇ, ಮೊದಲು ಬಗ್ಗಿದ. ಅವನ ಗದ್ದ ಗುಂಡಿಗೆ ತಾಗಿತು. ಬುಳುಕ್. "ಹೋಯ್ತು, ಹೋಯ್ತು," ಎಂದು ಅವನು ನೀರನ್ನು ಬಾಚತೊಡಗಿದ.

ಹೊಳೆಯಕ್ಕ ಬಗ್ಗಲಿಲ್ಲ. ಒಂದು ಕೈಯಲ್ಲಿ ಕೊರಳ ಬೆಲ್ಟು, ಇನ್ನೊಂದರಲ್ಲಿ ಮೂಗು ಹಿಡಿದುಕೊಂಡು ಪೂರ್ತಿ ಮುಳುಗಿದಳು. ನೀರೊಳಗೆ ತಲೆಕೆಳಗಾದಳು, ಹೊರಳಿದಳು; ದಡದವರಿಗೆ ಅವಳ ಬೂಟುಗಳಷ್ಟೇ ಒಮ್ಮೆ ಕಂಡು ಮಾಯವಾದವು. ದೊಡ್ಡಣ್ಣ ನೀರಿಗೆ ಕಾಲಿಡಲು ಹೋದ. ಅಷ್ಟರಲ್ಲಿ ಅವಳು ಆಚೆ ದಡದ ಹತ್ತಿರ, ಕೂದಲೆಲ್ಲ ಮುಖಕ್ಕೆ ಮೆತ್ತಿಕೊಂಡು ಎದ್ದು ನಿಂತಳು. ಕೊರಳಿಗೆ ಕೈ ಹಾಕಿದಳು. ಹೆಬ್ಬೆರಳು ಪಟ್ಟಿ ಎಬ್ಬಿಸಿತು, ಮುಚ್ಚಳ ಹಾರಿತು, ಪಿಸ್ತೂಲು ಕೈಯಲ್ಲಿತ್ತು. ಅದನ್ನು ಎತ್ತಿ ಹಿಡಿದಳು. ಹೋಲ್ಸ್ಟರಿನ ತಳದ ತೂತಿನಿಂದ ನೀರು ಸೋರುತ್ತಿತ್ತು, ಅಷ್ಟೇ. ದಡದಲ್ಲಿ ಎದ್ದ ಕೂಗಿಗೆ ಮರದ ಹಕ್ಕಿಗಳೆಲ್ಲ ಹಾರಿಹೋದವು.

ಮೇಡಂ ಕೂಗಲಿಲ್ಲ. ಬೂಟಿನ ದಾರ ಬಿಗಿದುಕೊಂಡು, ತಮ್ಮ ಬೆಲ್ಟು ಬಿಚ್ಚಿ ಕೊರಳಿಗೆ ಹಾಕಿಕೊಂಡರು. "ನಿಯಮ ಬದಲಾಯಿಸೋಕೆ ನಾನು ಬರೀತೀನಿ. ಬರೆಯೋ ಮುಂಚೆ ಒಂದ್ಸಲ ದಾಟಿರಬೇಕಲ್ಲ," ಎಂದು ನೀರಿಗಿಳಿದರು. ಅವರ ಹಿಂದೆ ದೊಡ್ಡಣ್ಣ, ಅವನ ಹಿಂದೆ ಉಳಿದವರು. ಗಡಿಬಿಡಿ ಮಾತ್ರ ನಡುನೀರಲ್ಲಿ ಮುಳುಗುತ್ತಾ ಏಳುತ್ತಾ ನೀಲಿ ಪಿಸ್ತೂಲು ಹುಡುಕುತ್ತಿದ್ದ. ದಾಟುವವರೆಲ್ಲ ಅವನ ಪಕ್ಕ ಹಾಯುವಾಗ, "ಏನು ಹೊಳೆಯಣ್ಣ, ಸಿಕ್ತಾ?" ಎಂದು ಕೇಳಿಯೇ ಮುಂದೆ ಹೋದರು.

ಆಚೆ ದಡದಲ್ಲಿ ಮೇಡಂ ನೀರು ಹಿಂಡಿಕೊಂಡು, ಜೇಬಿನ ಪ್ಲಾಸ್ಟಿಕ್ ಕವರಿನಿಂದ ಗುಂಡು ತುಂಬಿದ ಮ್ಯಾಗಜಿನ್ ತೆಗೆದು ಹೊಳೆಯಕ್ಕನ ಅಂಗೈಯಲ್ಲಿಟ್ಟರು. ಅದು ಮೊದಲೇ ಅವರ ಜೇಬಿನಲ್ಲಿತ್ತೆಂದರೆ, ಕೊಡಬೇಕೆಂದೇ ತಂದಿದ್ದರು. ಹೊಳೆಯಕ್ಕನ ಕಣ್ಣು ತುಂಬಿತು. ಹೇಗೂ ಮುಖವೆಲ್ಲ ಒದ್ದೆಯಾಗಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಪಿಸ್ತೂಲನ್ನು ಚೆನ್ನಾಗಿ ಒರೆಸಿ, ಮ್ಯಾಗಜಿನ್ ಹಾಕಿ, ಒಳಗಿಟ್ಟು, ಮುಚ್ಚಳ ಮುಚ್ಚಿ, ಬೆಲ್ಟನ್ನು ಸೊಂಟಕ್ಕೆ ಬಿಗಿದಳು.

ಅಷ್ಟರಲ್ಲಿ ಹಿಂದೆ, ದೂರದ ಗೇಟಿನಲ್ಲಿ, ಯಾವುದೋ ಗಾಡಿ ಹಾರನ್ ಹೊಡೆಯಿತು. ಉದ್ದಕ್ಕೆ, ಅವಸರದಲ್ಲಿ. ಹೊಳೆಯಕ್ಕನ ಕಾಲು ಒಂದು ಹೆಜ್ಜೆ ಹಿಂದಕ್ಕೆ ತಿರುಗಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹಾರನ್ ಮತ್ತೊಮ್ಮೆ ಕೂಗಿತು.

"ದೊಡ್ಡಣ್ಣ, ಹೋಗಿ ಎತ್ತಿ ಬನ್ನಿ," ಎಂದಳು ಹೊಳೆಯಕ್ಕ, ಮತ್ತು ಗುಡ್ಡ ಹತ್ತತೊಡಗಿದಳು.